ಉಸಿರಿನ ಜಾಗ

ಫ್ಯೂಸಣ್ಣ ಎಂಬ ಹೆಸರು ಅವನಿಗೆ ಬಂದದ್ದು ವೈರಿಂಗ್ ಕೆಲಸ ಮಾಡುತ್ತಾನೆಂದು ಮಾತ್ರವಲ್ಲ. ಕೋಪ ಅವನ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಹೆಸರಿಟ್ಟವಳು ಬೇರೆ ಯಾರೂ ಅಲ್ಲ, ಕಟ್ಟಿಕೊಂಡ ಹೆಂಡತಿಯೇ. ನಮ್ಮನೆಯವರ ಫ್ಯೂಸ್ ಹಾರೋಕೆ ಲೋಡೇ ಬೇಡ ಎಂದು ಅವಳು ತನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಹೇಳಿದ್ದು ಬಾಯಿಂದ ಬಾಯಿಗೆ ಹರಡಿ, ಕೊನೆಗೆ ಅವನ ಸ್ವಂತ ಹೆಸರು ಅವನಿಗೇ ಮರೆತುಹೋಗುವ ಹಾಗಾಗಿತ್ತು.

ಆ ಹೆಂಡತಿ ಈಗ ಮುಂದಿನ ಕೋಣೆಯ ಮಂಚದ ಮೇಲೆ ಮಾತಿಲ್ಲದೆ ಮಲಗಿದ್ದಳು. ಕಿಟಕಿಯಾಚೆ, ಬೇಲಿಯ ಆ ಕಡೆ, ಪಾರ್ಕಿನಲ್ಲಿ ಬೇಸಿಗೆಯ ಸಂಗೀತೋತ್ಸವ ಭರ್ಜರಿಯಾಗಿ ನಡೆಯುತ್ತಿತ್ತು. ಟಿಕೆಟ್ ಇಲ್ಲ, ಪಾಸ್ ಇಲ್ಲ, ಚಾಪೆ ತಂದು ಹಾಸಿಕೊಂಡವನೇ ಯಜಮಾನ. ಅದನ್ನು ಶುರು ಮಾಡಿದವಳೂ ಅವಳೇ. ಬಟ್ಟೆ ಹೊಲಿಸಲು ಬಂದವರನ್ನು ಅಳತೆ ತೆಗೆಯುವ ನೆಪದಲ್ಲಿ ನಿಲ್ಲಿಸಿಕೊಂಡು, ಒಂದು ಸಾಲು ಹಾಡಿಸಿ, ನಿಮ್ಮ ಗಂಟಲು ಪರವಾಗಿಲ್ಲ ಎಂದು ಪುಸಲಾಯಿಸಿ ಒಂದು ಮೇಳ ಕಟ್ಟಿದ್ದಳು. ಬೇಕರಿಯವನು ಹಾಗೆ ಸಿಕ್ಕಿದವನು. ಅವಳು ಹಾಸಿಗೆ ಹಿಡಿದ ಮೇಲೆ ಮೇಳದ ನೊಗಕ್ಕೆ ಹೆಗಲು ಕೊಟ್ಟವನೂ ಅವನೇ.

ಪಾರ್ಕಿನ ಲೈನು ದಾರಿದೀಪಕ್ಕೂ ನೀರಿನ ಪಂಪಿಗೂ ಸಾಲುವಷ್ಟೇ ಇತ್ತು. ಆದ್ದರಿಂದ ಮೊದಲ ವರ್ಷದಿಂದಲೂ ವೇದಿಕೆಗೆ ಕರೆಂಟು ಹೋಗುತ್ತಿದ್ದದ್ದು ಫ್ಯೂಸಣ್ಣನ ಅಡುಗೆಮನೆಯಿಂದ. ಒಲೆಯ ಪಕ್ಕದ ಗೋಡೆಗೆ ದೊಡ್ಡ ಸ್ವಿಚ್ಚು, ಅಲ್ಲಿಂದ ಕಿಟಕಿ ದಾಟಿ ಬೇಲಿ ಹತ್ತಿ ಹೋಗುವ ದಪ್ಪ ಕೇಬಲ್ಲು. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು. ಮೈಕಿನವನು ತನ್ನ ಗುಂಡಿಗಳನ್ನೆಲ್ಲ ಸೊನ್ನೆಗೆ ಇಳಿಸಬೇಕು. ಆಮೇಲೆ ಫ್ಯೂಸಣ್ಣ ವೇದಿಕೆಯ ಮೇಲಿಂದ ಕೆಂಪು ಟವೆಲ್ ಎತ್ತಬೇಕು. ಟವೆಲ್ ಕಂಡ ಮೇಲಷ್ಟೇ ಅವಳು ಅಡುಗೆಮನೆಯಲ್ಲಿ ಸ್ವಿಚ್ ಹಾಕಬೇಕು. ದನಿ ಏರಿಸಿಟ್ಟಿರುವಾಗ ಒಮ್ಮೆಲೇ ಕರೆಂಟು ನುಗ್ಗಿದರೆ ಸ್ಪೀಕರುಗಳು ಹರಿದುಹೋಗುತ್ತವೆ ಎಂದು ಅವನು ಅವಳ ತಲೆ ತಿಂದು ತಿಂದು ಹೇಳಿದ್ದ. ಟವೆಲ್ ಇಲ್ಲದೆ ಇವರು ಊಟಕ್ಕೂ ಕೂರಲ್ಲ ಎಂದು ಅವಳು ಅದನ್ನೂ ನಗೆಗೆ ಹಾಕಿದ್ದಳು. ಆದರೆ ಒಂದು ವರ್ಷವೂ ತಪ್ಪಿರಲಿಲ್ಲ.

ಈ ಸಲ ಸ್ವಿಚ್ ಹಾಕಿದವಳು ಅವಳ ತಂಗಿ. ಅಕ್ಕನನ್ನು ನೋಡಿಕೊಳ್ಳಲು ಬಂದವಳು, ಬಂದಾಗಿನಿಂದ ಮಂಚದ ಕಾಲಿಗೆ ಕಟ್ಟಿಹಾಕಿದ ಹಾಗೆ ಅಲ್ಲೇ ಇದ್ದಳು. ಪಾರ್ಶ್ವವಾಯು ಬಡಿದ ದಿನದಿಂದ ಅಕ್ಕನ ಮೈಯಲ್ಲಿ ಅಲುಗುತ್ತಿದ್ದದ್ದು ಬಲಗೈಯ ತೋರುಬೆರಳು ಒಂದೇ. ಬೆಳಿಗ್ಗೆ ಬಂದ ನರ್ಸಮ್ಮ ನಾಡಿ ಹಿಡಿದು ನೋಡಿ, ಫ್ಯೂಸಣ್ಣನನ್ನು ಬಾಗಿಲ ಹೊರಗೆ ಕರೆದು, ಇನ್ನು ಇವತ್ತೋ ನಾಳೆಯೋ ಎಂದು ಹೇಳಿದ್ದರು. ನೋವಾದರೆ ಬಾಯಿಬಿಟ್ಟು ಹೇಳಲಾರಳು, ಹುಬ್ಬು ಗಂಟಾಗುವುದನ್ನು ನೋಡಿ, ಬೆರಳು ಚಡಪಡಿಸುವುದನ್ನು ನೋಡಿ, ಆಗ ನಾಲಿಗೆಯ ಕೆಳಗೆ ಈ ನೋವಿನ ಔಷಧಿಯ ಹನಿ ಬಿಡಿ, ಸುತ್ತಮುತ್ತ ಗದ್ದಲ ಮಾಡಬೇಡಿ ಎಂದಿದ್ದರು.

ಗದ್ದಲ ಮಾಡಬೇಡಿ! ಬೇಲಿಯ ಆಚೆ ಇಡೀ ಬಡಾವಣೆಯ ಡೋಲು ತುತ್ತೂರಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡವನಿಗೆ ಹೇಳುವ ಮಾತೇ ಅದು? ಉತ್ಸವ ಮುಂದಕ್ಕೆ ಹಾಕೋಣವೇ ಎಂದು ಬೇಕರಿಯವನು ಮೊದಲೇ ಬಂದು ಕೇಳಿದ್ದ. ಅವಳು ಕಟ್ಟಿದ್ದು, ನಿಲ್ಲಿಸಿದ್ರೆ ಆಮೇಲೆ ನನ್ನ ಹತ್ರ ಮಾತಾಡಲ್ಲ ಎಂದು ಫ್ಯೂಸಣ್ಣ ಜಂಬದಿಂದ ಕಳಿಸಿಬಿಟ್ಟಿದ್ದ. ಅವಳು ಹೇಗೂ ಮಾತಾಡುತ್ತಿಲ್ಲವೆಂಬುದು ಆ ಕ್ಷಣಕ್ಕೆ ಮರೆತೇಹೋಗಿತ್ತು. ಈಗ ಅದನ್ನು ನೆನೆದು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತಿತ್ತು.

ಅವನು ದೇವರಲ್ಲಿ ಬೇಡಿಕೊಂಡಿದ್ದು ಹೆಚ್ಚೇನಲ್ಲ. ಉಳಿಸಿಕೊಡು ಎಂದು ಕೇಳುವ ಕಾಲ ಮುಗಿದಿತ್ತು. ನೋವಿಲ್ಲದೆ ಹೋಗಲಿ, ಅಷ್ಟೆ. ಬದುಕಿಡೀ ತನ್ನ ಕೂಗಾಟವನ್ನು ಕೇಳಿಸಿಕೊಂಡವಳು ಕೊನೆಗಾದರೂ ಶಾಂತವಾಗಿ ಕಣ್ಣು ಮುಚ್ಚಲಿ.

ಆದರೆ ಮಧ್ಯಾಹ್ನ ಮೊದಲ ತಂಡ ನುಡಿಸಲು ಶುರು ಮಾಡಿದ್ದೇ ಬೆರಳು ಅಲುಗಿತು. ಹಾಸಿಗೆಯ ಮೇಲೆ ಒಂದೇ ಸಮನೆ ಕುಟ್ಟತೊಡಗಿತು. ಫ್ಯೂಸಣ್ಣನ ಜೀವ ಬಾಯಿಗೆ ಬಂತು. ಓಡಿ ಹೋಗಿ ಹನಿ ತಂದು ನಾಲಿಗೆಯ ಕೆಳಗೆ ಬಿಟ್ಟ. ಬೆರಳು ಸ್ವಲ್ಪ ಹೊತ್ತು ಮಲಗಿತು, ಆಮೇಲೆ ಮತ್ತೆ ಎದ್ದಿತು. ಇನ್ನೊಂದು ಸಲ ಹನಿ ಬಿಡೋಣವೆಂದರೆ ಸಂಜೆಯ ತನಕ ಬೇಡವೇ ಬೇಡ ಎಂದು ನರ್ಸಮ್ಮ ತಾಕೀತು ಮಾಡಿ ಹೋಗಿದ್ದರು.

ನಾದಿನಿ ಅಳುಕುತ್ತಲೇ ಒಂದು ಮಾತು ಹೇಳಿದಳು.

"ಭಾವ, ಅಕ್ಕಂಗೆ ಹಾಡು ಕೇಳಿಸ್ತಾ ಇದೆಯೇನೋ."

"ಕೇಳಿಸ್ತಾ ಇದೆ, ಅದಕ್ಕೇ ಒದ್ದಾಡ್ತಾ ಇದಾಳೆ. ನಿಂಗೆ ಗೊತ್ತಿಲ್ದಿದ್ರೆ ಸುಮ್ನಿರು."

ಈ ಭಾವನ ಎದುರು ಬಾಯಿ ತೆರೆದು ಗೆದ್ದವರು ಅಕ್ಕನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಫ್ಯೂಸಣ್ಣನಿಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಎಷ್ಟೋ ಬೇಸಿಗೆಗಳನ್ನು ವೇದಿಕೆಯ ಪಕ್ಕದಲ್ಲೇ ಕಳೆದಿದ್ದರೂ ಅವನ ಕಣ್ಣು ಮೀಟರಿನ ಮುಳ್ಳಿನ ಮೇಲೆ, ಕೈ ಕೇಬಲ್ಲಿನ ಬಿಸಿಯ ಮೇಲೆ. ಅವನಿಗೆ ಗೊತ್ತಿದ್ದದ್ದು ಒಂದೇ ಒಂದು ಹಾಡು. ಉತ್ಸವದ ಕೊನೆಯಲ್ಲಿ ಮೇಳದವರೆಲ್ಲ ಸೇರಿ ಹಾಡುವ ಹಾಡು. ಮುಗಿದ ಮೇಲೂ ಜನ ಏಳುವುದಿಲ್ಲವೆಂದು ಅವಳೇ ಕಟ್ಟಿದ್ದು: ಚಾಪೆ ಮಡಚಿರಿ, ಮಕ್ಕಳ ಎಣಿಸಿರಿ, ಮನೆಗೆ ಹೋಗೋಣ ಬನ್ನಿ. ಮೇಳದಲ್ಲಿ ವಯಸ್ಸಾದವರೇ ಹೆಚ್ಚು. ಅವರಿಗೆ ದಮ್ಮು ಸಾಲುವುದಿಲ್ಲವೆಂದು ಮಕ್ಕಳ ಎಣಿಸಿದ ಮೇಲೆ, ಮನೆಗೆ ಹೋಗುವ ಮುಂಚೆ, ಅವಳು ಒಂದು ದೊಡ್ಡ ಬಿಡುವು ಇಟ್ಟಿದ್ದಳು. ಬೆರಳೆತ್ತಿ ಹಿಡಿದು ಎಲ್ಲರನ್ನೂ ತಡೆದು, ಉಸಿರು ತುಂಬಿಸಿ, ಆಮೇಲೆ ಬೆರಳು ಇಳಿಸುತ್ತಿದ್ದಳು. ಅದಕ್ಕೆ ಮೇಳದವರು ಉಸಿರಿನ ಜಾಗ ಎನ್ನುತ್ತಿದ್ದರು. ಹಾಡು ಮುಗಿಯಿತೆಂದುಕೊಂಡು ಫ್ಯೂಸಣ್ಣ ಪ್ರತಿ ವರ್ಷವೂ ಸರಿಯಾಗಿ ಅಲ್ಲೇ ಚಪ್ಪಾಳೆ ತಟ್ಟುತ್ತಿದ್ದ. ಇಡೀ ಪಾರ್ಕಿನಲ್ಲಿ ಅವನೊಬ್ಬನದೇ ಚಪ್ಪಾಳೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮನೆಯಲ್ಲಿ ಪಾತ್ರೆಯ ಮುಚ್ಚಳ ಬಡಿದು ಅವಳು ಅಭ್ಯಾಸ ಮಾಡುವಾಗಲೂ ಅವನ ಕೈ ಅಲ್ಲೇ ಸೇರುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅವನು ತಾಳಲಾರದೆ ಪಾರ್ಕಿಗೆ ಓಡಿ, ಸ್ವಲ್ಪ ಸೌಂಡು ಕಮ್ಮಿ ಮಾಡಪ್ಪ ಎಂದು ಮೈಕಿನವನ ಕೈ ಹಿಡಿದು ಕೇಳಿಕೊಂಡ. ಮೈಕಿನವನು ಮರು ಮಾತಾಡದೆ ದನಿ ಇಳಿಸಿದ. ಮನೆಗೆ ಬಂದು ನೋಡಿದರೆ ಹೆಂಡತಿಯ ಹುಬ್ಬು ಇನ್ನಷ್ಟು ಗಂಟಿಕ್ಕಿತ್ತು. ಕಿಟಕಿ ಮುಚ್ಚಿದ. ಉಸಿರು ಗೊರಗೊರ ಎಂದು ಏರಿತು. ಬೆರಳು ಎಲ್ಲೋ ತಡಕಾಡಿ ಎಲ್ಲೋ ಕುಟ್ಟಿತು. ಕಿಟಕಿ ತೆರೆದ. ಏನೂ ತೋಚಲಿಲ್ಲ. ತನ್ನ ಎದುರಿಗೇ ಅವಳು ನರಳುತ್ತಿದ್ದಾಳೆ, ತಾನು ಮರದ ಕೊರಡಿನ ಹಾಗೆ ನಿಂತಿದ್ದೇನೆ ಎಂದು ತನ್ನನ್ನೇ ಶಪಿಸಿಕೊಂಡ.

ಅಷ್ಟರಲ್ಲಿ ಪಾರ್ಕಿನಲ್ಲಿ ಕೊನೆಯ ಹಾಡಿಗೆ ಮೇಳ ವೇದಿಕೆ ಹತ್ತಿತು. ದನಿ ಮತ್ತೆ ಏರಿತು. ಬೇಕರಿಯವನ ದಪ್ಪ ಗಂಟಲು ಕಿಟಕಿಯೊಳಗೆ ನುಗ್ಗಿದ್ದೇ ತಡ, ಬೆರಳು ಹಾಸಿಗೆಯನ್ನು ಹುಚ್ಚೆದ್ದ ಹಾಗೆ ಕುಟ್ಟಿತು. ಫ್ಯೂಸಣ್ಣನ ಫ್ಯೂಸು ಹಾರಿತು. ಅಡುಗೆಮನೆಗೆ ನುಗ್ಗಿದವನೇ ಸ್ವಿಚ್ಚಿಗೆ ಕೈ ಹಾಕಿ ಕೆಳಗೆ ಎಳೆದ.

ಪಾರ್ಕು ಗಪ್ಪೆಂದು ನಿಂತಿತು.

ಅಬ್ಬ ಎಂದುಕೊಂಡು ಮಂಚದ ಹತ್ತಿರ ಬಂದು ಕೂತ. ಬೆರಳು ನಿಂತಿರಲಿಲ್ಲ. ಸುತ್ತ ಸದ್ದೇ ಇಲ್ಲದ ಆ ಕೋಣೆಯಲ್ಲಿ ಅದು ತನ್ನ ಪಾಡಿಗೆ ಕುಟ್ಟುತ್ತಿತ್ತು, ಅವಸರವಿಲ್ಲದೆ, ಒಂದೇ ಅಳತೆಯಲ್ಲಿ. ಆಮೇಲೆ ಮೇಲೆದ್ದು ಹಾಗೇ ತಡೆದು ನಿಂತಿತು. ಫ್ಯೂಸಣ್ಣನ ಎರಡೂ ಕೈ ತಾವಾಗಿಯೇ ಮೇಲೆದ್ದು ಒಂದಕ್ಕೊಂದು ಬಡಿದವು.

ಚಪ್ಪಾಳೆಯ ಸದ್ದಿಗೆ ಅವನೇ ಬೆಚ್ಚಿಬಿದ್ದ. ಬೆರಳು ಇಳಿಯಿತು, ಮನೆಗೆ ಹೋಗೋಣವನ್ನು ಕುಟ್ಟಿ ಮುಗಿಸಿತು. ಅವಳ ಹುಬ್ಬು ಮೆಲ್ಲಗೆ ಗಂಟಿಕ್ಕಿತು. ಅವಳು ಕಿವಿಗೊಟ್ಟು ಕಾಯುತ್ತಿದ್ದಳು. ಹಾಡು ಎಲ್ಲಿ ಹೋಯಿತೆಂದು ಹುಡುಕುತ್ತಿದ್ದಳು.

ಅವನಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಮಧ್ಯಾಹ್ನದಿಂದ ಅವಳು ನರಳಿರಲಿಲ್ಲ, ತಾಳ ಹಾಕುತ್ತಿದ್ದಳು. ದನಿ ಇಳಿಸಿದಾಗ, ಕಿಟಕಿ ಮುಚ್ಚಿದಾಗ ಒದ್ದಾಡಿದ್ದು ಕೇಳಿಸದೆ. ಹೋಗುವವಳ ಬಾಯಿಂದ ಕೊನೆಯ ತುತ್ತು ಕಿತ್ತುಕೊಂಡಿದ್ದೆ ಎಂದು ಎದೆ ಒಡೆಯಿತು.

ಎದ್ದು ಬಿದ್ದು ಅಡುಗೆಮನೆಗೆ ಓಡಿದ. ಟವೆಲ್ ಹೆಗಲ ಮೇಲೇ ಇತ್ತು. ಅದನ್ನು ಎತ್ತುವವರು ಯಾರು, ನೋಡುವವರು ಯಾರು? ತಾನೇ ಮಾಡಿದ ನಿಯಮ ಅವನ ತಲೆಯಲ್ಲೇ ಇರಲಿಲ್ಲ. ಸ್ವಿಚ್ಚನ್ನು ಮೇಲೆ ನೂಕಿದ. ಪಾರ್ಕಿನಿಂದ ಢಮಾರ್ ಎಂಬ ಒಂದೇ ಸದ್ದು ಬಂತು, ಅದರ ಹಿಂದೆ ಮಕ್ಕಳ ಅಳು ಕೇಳಿಸಿತು. ಮತ್ತೆ ಹಾಡು ಬರಲಿಲ್ಲ.

ಕಾಲಲ್ಲಿ ಚಪ್ಪಲಿ ಇಲ್ಲ. ಬೇಲಿಯ ಸಂದಿಯಲ್ಲಿ ನುಸುಳಿದವನ ಅಂಗಿ ಹರಿದದ್ದೂ ಗೊತ್ತಾಗಲಿಲ್ಲ. ಮೈಕಿನವನು ತಲೆಯ ಮೇಲೆ ಕೈ ಹೊತ್ತು ಸ್ಪೀಕರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಜನ ಎದ್ದು ನಿಂತು ಯಾರನ್ನು ಬೈಯಬೇಕೆಂದು ಹುಡುಕುತ್ತಿದ್ದರು. ಫ್ಯೂಸಣ್ಣ ಅವರ ನಡುವೆ ತೂರಿಕೊಂಡು ಹೋಗಿ ಬೇಕರಿಯವನ ಎರಡೂ ಕೈ ಹಿಡಿದುಕೊಂಡ. ಕರೆಂಟು ತೆಗೆದವನು ನಾನೇ, ಟವೆಲ್ ಇಲ್ಲದೆ ಹಾಕಿ ಸ್ಪೀಕರು ಸುಟ್ಟವನೂ ನಾನೇ, ಬೈಯೋದೆಲ್ಲ ಆಮೇಲೆ ಬೈಯಿರಿ ಎಂದು ಒಂದೇ ಉಸಿರಿಗೆ ಒದರಿದ.

"ಅವಳು ತಾಳ ಹಾಕ್ತಾ ಇದ್ಲು ಕಣೋ. ನಾನು ನೋವು ಅಂದ್ಕೊಂಡೆ. ಕಿಟಕಿ ಹತ್ರ ಬಂದು ಹಾಡ್ರಪ್ಪ. ನಿಮ್ಮ ಕಾಲಿಗೆ ಬೀಳ್ತೀನಿ."

ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ ನಿಜವಾಗಿಯೂ ಬಗ್ಗಿದ. ಬೇಕರಿಯವನು ಅವನ ರಟ್ಟೆ ಹಿಡಿದು ಎತ್ತಿ, ಮೇಳದ ಕಡೆ ತಿರುಗಿ ಬನ್ನಿ ಎಂದ. ಮಂಡಿನೋವಿನವರು, ಕೋಲೂರುವವರು, ದಮ್ಮಿನವರು ಎಲ್ಲರೂ ಹೊರಟರು. ಬೇಲಿಯ ಸಂದಿ ಅವರಿಗೆ ಸಾಲದು. ಗೇಟು ಸುತ್ತಿ, ರಸ್ತೆ ಬಳಸಿ ಬರಬೇಕು. ಫ್ಯೂಸಣ್ಣ ಮುಂದೆ ಓಡುವುದು, ಹಿಂದೆ ತಿರುಗಿ ನೋಡುವುದು, ಮತ್ತೆ ವಾಪಸು ಬಂದು ಒಬ್ಬ ಅಜ್ಜಿಯ ಕೈ ಹಿಡಿದು ಎಳೆಯುವುದು. ಬೇಗ ಬನ್ನಿ ಎನ್ನಲು ಬಾಯಿ ಬರುತ್ತಿರಲಿಲ್ಲ, ನಿಧಾನ ಬನ್ನಿ ಎನ್ನಲು ಜೀವ ಕೇಳುತ್ತಿರಲಿಲ್ಲ.

ಅವರನ್ನು ಕಿಟಕಿಯ ಕೆಳಗೆ ನಿಲ್ಲಿಸಿ ಒಳಗೆ ಬಂದಾಗ ಬೆರಳು ಮಲಗಿತ್ತು. ನಾದಿನಿ ಅಕ್ಕನ ಹಣೆಯ ಮೇಲೆ ಕೈ ಇಟ್ಟುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅವನು ಹೆದರುವಷ್ಟು ಹೊತ್ತು ಹಿಡಿಯುತ್ತಿತ್ತು. ಅವನು ನೆಲದ ಮೇಲೆ ಮಂಡಿಯೂರಿ ತನ್ನ ಅಂಗೈಯನ್ನು ಆ ಬೆರಳಿನ ಕೆಳಗೆ ಸರಿಸಿದ.

ಹೊರಗೆ ಹಾಡು ಶುರುವಾಯಿತು. ಮೈಕಿಲ್ಲದ ಬರೀ ಗಂಟಲುಗಳು, ಓಡಿ ಬಂದು ದಣಿದ ಗಂಟಲುಗಳು. ಒಬ್ಬರು ಮುಂದೆ ಹೋದರು, ಇನ್ನೊಬ್ಬರು ಹಿಂದೆ ಉಳಿದರು. ಬೆರಳು ಅಲುಗಲಿಲ್ಲ. ಮುಗೀತು, ತಡ ಮಾಡಿಬಿಟ್ಟೆ ಎಂದು ಅವನು ಹಲ್ಲು ಕಚ್ಚಿದ. ಮೇಳದವರು ಮತ್ತೆ ಮೊದಲಿಂದ ಎತ್ತಿಕೊಂಡಾಗ ಅಂಗೈಯಲ್ಲಿ ಏನೋ ತಾಗಿತು. ಇರುವೆ ಹರಿದಷ್ಟು. ಇನ್ನೊಮ್ಮೆ ತಾಗಿತು. ಹುಬ್ಬಿನ ಗಂಟು ಬಿಚ್ಚಿಕೊಂಡಿತು. ಚಾಪೆ ಮಡಚಿರಿ ಎಂದು ಹೊರಗೆ ಹಾಡಿದರು, ಬೆರಳು ಅವನ ಅಂಗೈಯನ್ನು ಮೆಲ್ಲಗೆ ತಟ್ಟಿತು. ಹಿಂದೆ ಉಳಿದಿದ್ದ ಗಂಟಲುಗಳೂ ಅಷ್ಟರಲ್ಲಿ ಜೊತೆಗೂಡಿದ್ದವು. ಮಕ್ಕಳ ಎಣಿಸಿರಿ ಎಂದರು, ತಟ್ಟಿತು. ಆಮೇಲೆ ಅವನ ಅಂಗೈಯನ್ನು ಬಿಟ್ಟು ಕೂದಲೆಳೆಯಷ್ಟು ಮೇಲೆದ್ದಿತು.

ಹೊರಗೆ ಎಲ್ಲರೂ ತಡೆದರು, ಉಸಿರು ತುಂಬಿಕೊಂಡರು. ಬದುಕಿನಲ್ಲಿ ಮೊದಲ ಸಲ ಫ್ಯೂಸಣ್ಣ ಅಲ್ಲಿ ಚಪ್ಪಾಳೆ ತಟ್ಟಲಿಲ್ಲ, ಅಂಗೈ ಚಾಚಿಕೊಂಡು ಕಾದ.

ಮನೆಗೆ ಹೋಗೋಣ ಬನ್ನಿ ಎಂದು ಮೇಳ ಎತ್ತಿಕೊಂಡಿತು. ಬೆರಳು ತಟ್ಟಲಿಲ್ಲ. ಪಕ್ಕಕ್ಕೆ ವಾಲಿ ಸುಮ್ಮನೆ ಒರಗಿತು.

ನಾದಿನಿ ಅಕ್ಕನ ಮೂಗಿನ ಹತ್ತಿರ ಕೈ ಹಿಡಿದು ನೋಡಿ, ಕಿಟಕಿಯ ಕಡೆಗೆ ಏಳಹೋದಳು. ಅವನು ತಲೆಯಾಡಿಸಿ ತಡೆದ. ಹಾಡು ನಿಲ್ಲಬಾರದಿತ್ತು, ಇವತ್ತು ಒಮ್ಮೆ ನಿಲ್ಲಿಸಿದ್ದು ಸಾಕಾಗಿತ್ತು. ಆ ಬೆರಳನ್ನು ತನ್ನ ಬೆರಳುಗಳಲ್ಲಿ ಹಿಡಿದು, ಹಾಡು ಮುಗಿಯುವ ತನಕ ತನ್ನ ಅಂಗೈಗೆ ತಾನೇ ತಟ್ಟಿಕೊಂಡ. ತಾಳ ಸರಿಯಾಯಿತೋ ತಪ್ಪಿತೋ ಅವನಿಗೆ ಗೊತ್ತಾಗಲಿಲ್ಲ, ಹೇಳುವವರೂ ಇರಲಿಲ್ಲ.

ಆಚೆ ಪಾರ್ಕಿನಲ್ಲಿ ಹಾಡು ಹೇಳಿದ ಹಾಗೆಯೇ ಜನ ಚಾಪೆ ಮಡಚುತ್ತಿದ್ದರು, ಮಕ್ಕಳನ್ನು ಕೂಗಿ ಕರೆಯುತ್ತಿದ್ದರು. ಬೇಕರಿಯವನು ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿ, ದನಿ ತಗ್ಗಿಸಿ ಕೇಳಿದ.

"ಅಕ್ಕಂಗೆ ಕೇಳಿಸ್ತಾ?"

"ಕೇಳಿಸ್ತು," ಎಂದ ಫ್ಯೂಸಣ್ಣ. "ಉಸಿರಿನ ಜಾಗದ ತನಕ ಕೇಳಿಸ್ತು."

ಆಮೇಲೆ ಹೆಗಲ ಮೇಲಿನ ಕೆಂಪು ಟವೆಲ್ ತೆಗೆದು ಅವಳ ಮುಖ ಒರೆಸಿದ.