ನಲವತ್ತನೆಯ ದಿನದ ಫೋಟೊ

ನಮ್ಮ ಬಲ್ಗೇರಿಯದ ಹಳ್ಳಿಗಳಲ್ಲಿ ತೀರಿಕೊಂಡವರ ಮುಖ ಬಾಗಿಲ ಮೇಲಿರಬೇಕು. ಸತ್ತ ದಿನ ಫೋಟೊ ಸಮೇತ ಸಾವಿನ ಸುದ್ದಿಯ ಒಂದು ಹಾಳೆ, ನಲವತ್ತನೆಯ ದಿನ ಇನ್ನೊಂದು. ಮನೆಬಾಗಿಲಿಗೆ, ಚರ್ಚಿನ ಗೋಡೆಗೆ, ಬಸ್ಸು ನಿಲ್ಲುವಲ್ಲಿಗೆ ಅಂಟಿಸುತ್ತೇವೆ. ಜೇನು ಸಾಕುತ್ತಿದ್ದ ವೆಲ್ಕೊ ಹೋದಾಗ ಅವಸರದಲ್ಲಿ ಗುರುತಿನ ಚೀಟಿಯ ಸಿಡುಕು ಮುಖವನ್ನೇ ಅಚ್ಚು ಹಾಕಿಸಿದ್ದರು.

"ಇವನು ನನ್ನ ಗಂಡ ಅಲ್ಲ, ಯಾವನೋ ತೆರಿಗೆ ಅಧಿಕಾರಿ" ಎಂದು ಹೆಂಡತಿ ಸ್ಟಾನ್ಕಾ ಅಂದಿನಿಂದ ಕೊರಗುತ್ತಿದ್ದಳು. ನಾಳೆ ನಲವತ್ತನೆಯ ದಿನ. ಒಳ್ಳೆಯ ಫೋಟೊ ಹುಡುಕಲು ಕಂಪ್ಯೂಟರಿನ ಆಲ್ಬಮ್ ತೆರೆದರೆ ಬರೀ ಬೂದು ಚೌಕಗಳು. ಮುದ್ರಣದಂಗಡಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಪಕ್ಕದ ಮನೆಯವನಾದ ನಾನೇ ಕಂಪ್ಯೂಟರನ್ನು ಹೊತ್ತು, ಊರ ಓದುಮನೆ ನೋಡಿಕೊಳ್ಳುವ ದೋಬ್ರಿನಾಳ ಬಳಿಗೆ ಅವಳನ್ನು ಕರೆದೊಯ್ದೆ.

ದೋಬ್ರಿನಾ ಮೊದಲು ಎಲ್ಲದಕ್ಕೂ ಒಂದು ನಕಲು ಮಾಡಿಟ್ಟಳು. ಆಮೇಲೆ ಚೌಕಗಳಲ್ಲಿ ಕಾಣಬೇಕಾದ ಪುಟ್ಟ ಚಿತ್ರಗಳನ್ನು ಹೊಸದಾಗಿ ಮೂಡಿಸಲು ನೋಡಿದಳು. ಬೂದು ಹೋಗಲಿಲ್ಲ.

"ಅತ್ತೆ, ಏನಾದ್ರೂ ಮುಟ್ಟಿದ್ರಾ?"

"ನಾನೇನು ಮುಟ್ಲಿ? ಫೋಲ್ಡರುಗಳ ಮೇಲೆ ಬರೀ 'ವೆಲ್ಕೊ' ಅಂತಿತ್ತು. ಮುಂದೆ 'ದಿವಂಗತ' ಅಂತ ಸೇರಿಸ್ದೆ. ಸತ್ತವರನ್ನ ಬದುಕಿರೋರ ಹಾಗೆ ಕರೀಬಾರ್ದಲ್ವಾ?"

"ಸರಿಹೋಯ್ತು, ಗಂಡನ್ನ ಎರಡೆರಡು ಸಲ ಹೂತೆ!" ಎಂದೆ ನಾನು.

"ಬಾಯಿ ಮುಚ್ಚು ಮುದುಕ. ನಿನ್ನ ಹಾಳೆಗೆ ಫೋಟೊ ನಾನೇ ಆರಿಸ್ತೀನಿ, ನೋಡ್ತಿರು."

ದೋಬ್ರಿನಾ ನಗಲಿಲ್ಲ. "ಫೋಟೊ ಎಲ್ಲೂ ಹೋಗಿಲ್ಲ ಅತ್ತೆ. ಆಲ್ಬಮ್ಮು ಹಳೇ ಹೆಸರು ಹಿಡ್ಕೊಂಡು ಹುಡುಕ್ತಾ ಇದೆ ಅಷ್ಟೆ."

ಬೇರೆ ಯಾರಾದರೂ ಆ 'ದಿವಂಗತ' ಪದವನ್ನು ಅಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಇವಳು ಹಾಗೆ ಮಾಡಲಿಲ್ಲ. ವಿಧವೆ ಭಕ್ತಿಯಿಂದ ಬರೆದದ್ದನ್ನು ಬರೆದಂತೆಯೇ ಬಿಟ್ಟು, ಹನ್ನೊಂದು ವರ್ಷಗಳ ಹನ್ನೊಂದು ಫೋಲ್ಡರುಗಳಿಗೂ ಒಂದೊಂದಾಗಿ ಆಲ್ಬಮ್ಮಿಗೆ ಹೊಸ ಹೆಸರಿನ ದಾರಿ ತೋರಿಸುತ್ತಾ ಕುಳಿತಳು. ಈಸ್ಟರ್‌ನಲ್ಲಿ ಒಂದು ಮೇಣದಬತ್ತಿಯಿಂದ ಇನ್ನೊಂದಕ್ಕೆ ಬೆಳಕು ದಾಟುವ ಹಾಗೆ ಚೌಕಗಳು ತುಂಬಿಕೊಂಡವು. ದೇವರು ಕೆಲವರ ಬೆರಳಿಗೆ ಇಂಥ ತಾಳ್ಮೆ ಕೊಟ್ಟಿರುತ್ತಾನೆ. ನಾನು ಮನಸ್ಸಿನಲ್ಲೇ ಕೈಮುಗಿದೆ.

ಸ್ಟಾನ್ಕಾ ಒಂದು ಫೋಟೊದ ಮೇಲೆ ಬೆರಳಿಟ್ಟಳು. ಜೇನು ಕಚ್ಚಿ ಊದಿದ ಕೆನ್ನೆ, ಬಾಯ್ತುಂಬ ನಗು.

"ಇದ್ರಲ್ಲಿ ಕಣ್ಣು ಮುಚ್ಕೊಂಡಿದಾರಲ್ಲ ಅತ್ತೆ?"

"ನಗೋವಾಗ ಅವನ ಕಣ್ಣು ಯಾವತ್ತು ತೆರೆದಿತ್ತು ಮಗಳೇ? ಇದೇ ಇರ್ಲಿ."

ಅಂಗಡಿ ಮುಚ್ಚುವ ಮುಂಚೆಯೇ ಹಾಳೆಗಳು ಕೈಸೇರಿದವು. ಮರುದಿನ ಬಸ್ಸಿಗೆ ಕಾಯುತ್ತಿದ್ದವರು ಅಲ್ಲಿ ಅಂಟಿಸಿದ್ದ ಹಾಳೆಯ ಮುಂದೆ ನಿಂತರು. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುವ ಮೊದಲು, ಒಬ್ಬೊಬ್ಬರಾಗಿ, ಸ್ವಲ್ಪ ನಕ್ಕರು.