ಎಂಟು ಗ್ರಹ ಕೂಡಿದ ದಿನ ಹೊಳೆ ದಾಟಿದ್ದು

ಅಷ್ಟಗ್ರಹ ಕೂಟದ ಆ ದಿನಗಳಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಜನ ಹೊಲದ ಕಡೆ ಹೋಗುವುದನ್ನೂ ಬಿಟ್ಟಿದ್ದರು. ಎಂಟು ಗ್ರಹಗಳು ಮಕರ ರಾಶಿಯಲ್ಲಿ ಸೇರಿದರೆ ಭೂಮಿ ಬಿರಿಯುತ್ತದೆ ಎಂದು ಕೆಲವರು, ಬೆಂಕಿಯ ಮಳೆ ಬೀಳುತ್ತದೆ ಎಂದು ಕೆಲವರು ಮಾತಾಡಿಕೊಳ್ಳುತ್ತಿದ್ದರು. ಕಪಿಲೆಯ ದಡದ ಹಳ್ಳಿಯಲ್ಲಿ ಜಾತಕ ನೋಡುತ್ತಿದ್ದ ಗೋವಿಂದಯ್ಯ ಜೋಯಿಸರು ಅಷ್ಟೆಲ್ಲ ಹೇಳಿದವರಲ್ಲ. ‘ಕೂಟ ಮುಗಿಯುವವರೆಗೆ ಯಾರೂ ಹೊಳೆಗೆ ಇಳಿಯಬೇಡಿ’ ಎಂದಿದ್ದರು, ಅಷ್ಟೇ. ಊರಿಗೆ ಅಷ್ಟು ಸಾಕಾಯಿತು. ಜನರನ್ನು ದಾಟಿಸುತ್ತಿದ್ದ ಜೋಗಯ್ಯ ತನ್ನ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿಬಿಟ್ಟ.

ಆ ಮಾತಿನ ಹಿಂದೆ ಜೋಯಿಸರ ಸ್ವಂತ ಭಯವಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರದು ಕರ್ಕಾಟಕ ಲಗ್ನ. ಮಕರವೆಂದರೆ ಏಳನೆಯ ಮನೆ, ಸಾವು ತರುವ ಮಾರಕಸ್ಥಾನ. ನೀರಿನಿಂದ ಗಂಡಾಂತರ ಎಂದು ಅವರ ತಂದೆ ಜಾತಕದಲ್ಲೇ ಬರೆದಿಟ್ಟಿದ್ದರು. ಅದೇ ತಂದೆ ಇನ್ನೊಂದನ್ನೂ ಕಲಿಸಿದ್ದರು: ಉಸಿರು ಒಳಗೆ ಹೋಗುವಾಗ ‘ಸೋ’, ಹೊರಗೆ ಬರುವಾಗ ‘ಹಂ’. ಅವನೇ, ಆ ದೇವರೇ ನಾನು ಎಂದು ಅರ್ಥ. ಗೋವಿಂದಯ್ಯ ದಿನಾ ಬೆಳಗ್ಗೆ ಅದನ್ನು ಜಪಿಸುತ್ತಿದ್ದರು. ಜಪ ನಾಲಿಗೆಯ ಮೇಲಿರುತ್ತಿತ್ತು, ಮನಸ್ಸು ಮುಂದಿನ ಜಾತಕದ ಮೇಲೆ.

ಕೂಟದ ದಿನ ಮಧ್ಯಾಹ್ನ ರೈತ ದೊಡ್ಡಮಾದಯ್ಯ ಏದುಸಿರು ಬಿಡುತ್ತಾ ಬಂದ.

“ಜೋಯಿಸ್ರೇ, ಮಗಳು ಚೆಲುವಿಗೆ ಬೆಳಗಿನಿಂದ ನೋವು. ಕೂಸು ಅಡ್ಡ ಬಂದದೆ, ಕೋಟೆ ಆಸ್ಪತ್ರೆಗೆ ಸಾಗ್ಸಿ ಅಂತ ಸೂಲಗಿತ್ತಿ ಕೈಚೆಲ್ಲವ್ಳೆ. ಜೋಗಯ್ಯ ಅರಿಗೋಲು ಆಕಾಕಿಲ್ಲ ಅಂತಾವ್ನೆ. ನೀವೇ ಬಂದು ಯೋಳ್ಬೇಕು.”

ದಡದಲ್ಲಿ ಚೆಲುವಮ್ಮನನ್ನು ಕಂಬಳಿಯ ಮೇಲೆ ಮಲಗಿಸಿದ್ದರು. ತಾಯಿ ಚಿಕ್ಕಸಿದ್ದಮ್ಮ ಅವಳ ಬೆವರು ಒರೆಸುತ್ತಿದ್ದಳು. ಜೋಗಯ್ಯ ಮಾತ್ರ ಹರಿಗೋಲಿಗೆ ಬೆನ್ನು ಕೊಟ್ಟು ಕೂತಿದ್ದ.

“ಜೋಗಯ್ಯ, ಆ ಮಾತನ್ನ ವಾಪಸ್ ತಗೊಂಡಿದ್ದೀನಿ. ದಾಟಿಸು,” ಎಂದರು ಜೋಯಿಸರು.

“ನೀವು ಮಾತು ವಾಪಸ್ ತಗಂಡ್ರೆ ಗ್ರಹ ವಾಪಸ್ ಓಯ್ತವಾ? ನಂಗೂ ಮಕ್ಕಳವೆ ಸ್ವಾಮಿ.” ಅವನು ತಲೆಯೆತ್ತಿ ಅವರನ್ನೇ ದಿಟ್ಟಿಸಿದ. “ಏನೂ ಆಗಾಕಿಲ್ಲ ಅನ್ನಂಗಿದ್ರೆ ನೀವೂ ಅರಿಗೋಲು ಅತ್ತಿ. ನಾನೂ ಬತ್ತೀನಿ.”

ಚೆಲುವಮ್ಮ ನೋವಿಗೆ ಚೀರಿದಳು. ಜೋಯಿಸರು ಪಂಚೆ ಎತ್ತಿ ಕಟ್ಟಿ, ಅವಳನ್ನೂ ಅವಳ ತಂದೆತಾಯಿಯನ್ನೂ ಹತ್ತಿಸಿ ತಾವೂ ಹರಿಗೋಲು ಹತ್ತಿದರು.

ಬೇಸಿಗೆಗೆ ಮೊದಲಿನ ಹೊಳೆ ಅಂಚಿನಲ್ಲಿ ತೆಳ್ಳಗಿತ್ತು, ನಡುವೆ ಮಾತ್ರ ಆಳದ ಮಡು. ಅಲ್ಲಿಗೆ ಬರುವಷ್ಟರಲ್ಲಿ ನೋವು ತಡೆಯಲಾರದೆ ಚೆಲುವಮ್ಮ ಮಗ್ಗುಲಿಗೆ ಹೊರಳಿದಳು. ಹರಿಗೋಲು ವಾಲಿ ನೀರು ಒಳಗೆ ನುಗ್ಗಿತು. ಜೋಗಯ್ಯನ ಕೈಯ ಹುಟ್ಟು ನಿಂತೇಹೋಯಿತು.

“ಇಡ್ಕೊಂಡ್ವು ಸ್ವಾಮಿ, ಗ್ರಹ ಇಡ್ಕೊಂಡ್ವು!”

ಹರಿಗೋಲು ಗಿರ್ರನೆ ತಿರುಗುತ್ತಾ ಬಂಡೆಗಳ ಕಡೆಗೆ ಜಾರತೊಡಗಿತು. ದೊಡ್ಡಮಾದಯ್ಯ ಎರಡೂ ಕೈಯಲ್ಲಿ ನೀರು ಮೊಗೆದು ಚೆಲ್ಲುತ್ತಿದ್ದ. ಜೋಯಿಸರು ಚೆಲುವಮ್ಮನ ಭುಜಗಳನ್ನು ಒತ್ತಿ ಹಿಡಿದಿದ್ದರು. ಇಲ್ಲೇ, ಅಪ್ಪ ಬರೆದಿಟ್ಟ ನೀರು ಇದೇ ಎಂದುಕೊಂಡರು.

ಆಗಲೇ ಅದು ಅವರಿಗೆ ಕೇಳಿಸಿದ್ದು. ಉಸಿರು ಒಳಗೆ, ಉಸಿರು ಹೊರಗೆ. ಸೋ, ಹಂ. ಅವರು ಶುರು ಮಾಡಿದ್ದಲ್ಲ, ತಾನಾಗಿ ನಡೆಯುತ್ತಿತ್ತು. ಹುಟ್ಟಿದಾಗಿನಿಂದ ನಡೆಯುತ್ತಲೇ ಇದ್ದಿರಬೇಕು. ಭಯ ಹೋಗಿರಲಿಲ್ಲ. ಆದರೆ ಆ ಭಯವನ್ನು ಒಳಗಿನಿಂದ ಏನೋ ಒಂದು ಸುಮ್ಮನೆ ನೋಡುತ್ತಿತ್ತು, ಅದಕ್ಕೆ ಭಯವಿರಲಿಲ್ಲ. ಅದು ಯಾವ ಗಳಿಗೆಯಲ್ಲೂ ಹುಟ್ಟಿದ್ದಲ್ಲ. ಯಾವ ಲಗ್ನ ಹಿಡಿದು ಅದರ ಕುಂಡಲಿ ಬರೆಯುವುದು? ಚೀರುತ್ತಿದ್ದ ಈ ಹೆಂಗಸಿನೊಳಗೂ ಅದೇ ಉಸಿರಾಡುತ್ತಿದೆ, ಕಲ್ಲಾಗಿ ನಿಂತ ಜೋಗಯ್ಯನೊಳಗೂ ಅದೇ. ಎಷ್ಟೋ ವರ್ಷ ಬಾಯಲ್ಲಿ ಕರೆದ ದೇವರು ಇಷ್ಟು ಹತ್ತಿರದಲ್ಲಿ ಕೂತಿದ್ದನಲ್ಲ ಎನ್ನಿಸಿ ಅವರ ಕಣ್ಣು ತುಂಬಿತು.

“ಜೋಗಯ್ಯ, ಬಂಡೆ ನೋಡಬೇಡ, ನನ್ನ ಮುಖ ನೋಡು,” ಎಂದರು. ಆ ದನಿಯಲ್ಲಿ ಗಡಿಬಿಡಿಯೇ ಇರಲಿಲ್ಲ. “ಒಂದು ಉಸಿರು ತಗೋ. ಹೂಂ, ಈಗ ಹುಟ್ಟು ಹಾಕು.”

ಜೋಗಯ್ಯ ಉಸಿರೆಳೆದುಕೊಂಡ. ಹುಟ್ಟು ನೀರಿಗೆ ಬಿತ್ತು, ಇನ್ನೊಮ್ಮೆ ಬಿತ್ತು. ಬಂಡೆ ಹರಿಗೋಲಿನ ಅಂಚನ್ನು ಕೆರೆದು ಹಿಂದಕ್ಕೆ ಸರಿಯಿತು.

ಆಚೆ ದಡದಲ್ಲಿ ಸಿಕ್ಕ ಎತ್ತಿನ ಗಾಡಿಯಲ್ಲಿ ಕೋಟೆ ಸೇರಿದಾಗ ಹೊತ್ತು ಇಳಿಯುತ್ತಿತ್ತು. ಕೊನೆಗೆ ಡಾಕ್ಟರಮ್ಮ ಹೊರಗೆ ಬಂದು, ಹೆಣ್ಣುಮಗು, ತಾಯಿಯೂ ಉಳಿದಿದ್ದಾಳೆ ಎಂದರು. ದೊಡ್ಡಮಾದಯ್ಯ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟ.

ಚಿಕ್ಕಸಿದ್ದಮ್ಮ ಮಾತ್ರ ಮಗುವಿಗೆ ಕೈ ಚಾಚಲಿಲ್ಲ. “ಇಂಥಾ ಗಳಿಗೇಲಿ ಉಟ್ಟದೆ. ಮನೆಗೆ ಕರ್ಕಂಡೋಗದಾ, ಬ್ಯಾಡ್ವಾ? ಜಾತಕ ನೋಡಿ ಯೋಳಿ ಜೋಯಿಸ್ರೇ.”

ನರ್ಸಿನ ಕೈಯಿಂದ ಮಗುವನ್ನು ಜೋಯಿಸರೇ ಎತ್ತಿಕೊಂಡರು.

“ಜಾತಕ ಬರ್ಕೊಡ್ತೀನಿ ತಾಯಿ, ಅದು ನನ್ನ ಕಸುಬು. ಆದರೆ ಅದರಲ್ಲಿ ನಾನು ಗ್ರಹಗಳ ಮನೆಗಳನ್ನ ಬರೀಬಹುದು ಅಷ್ಟೆ. ಮನೆಯೊಳಗೆ ಕೂತಿರೋ ದೇವರನ್ನ ಬರೆಯೋಕಾಗಲ್ಲ. ಅವನಿಗೆ ಯಾವ ಗ್ರಹದ ಕಾಟವೂ ಇಲ್ಲ. ನೋಡಿ, ಇವಳೊಳಗೆ ಹೆಂಗೆ ಉಸಿರಾಡ್ತಾ ಇದ್ದಾನೆ.”

ಮುದುಕಿ ಬಗ್ಗಿ, ಮಗುವಿನ ಪುಟ್ಟ ಎದೆ ಏರಿಳಿಯುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಹರಡಿ ಮಗುವನ್ನು ಇಸಿದುಕೊಂಡಳು.

ಗೋವಿಂದಯ್ಯ ಜಾತಕ ನೋಡುವುದನ್ನು ಬಿಡಲಿಲ್ಲ. ಆದರೆ ಗಾಬರಿಯಾಗಿ ಬಂದವರನ್ನು ಮೊದಲು ಜಗುಲಿಯ ಮೇಲೆ ಕೂರಿಸಿ, ಕಣ್ಣು ಮುಚ್ಚಿ ನಿಮ್ಮ ಉಸಿರನ್ನು ನೀವೇ ಕೇಳಿಸಿಕೊಳ್ಳಿ ಎನ್ನುತ್ತಿದ್ದರು. ಕೆಲವರು ಕೂತರು. ಕೆಲವರು ಇದು ಹಿಡಿಸದೆ ಪಿರಿಯಾಪಟ್ಟಣದ ಇನ್ನೊಬ್ಬ ಜೋಯಿಸರನ್ನು ಹುಡುಕಿಕೊಂಡು ಹೋದರು. ಗೋವಿಂದಯ್ಯ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ.