ಬಿತ್ತಿ ಉಳಿದ ಜೋಳ

ಮುಂಬಯಿಯ ಜೋಗೇಶ್ವರಿಯ ಚಾಳಿನಲ್ಲಿದ್ದ ಹನುಮವ್ವನಿಗೆ ಊರಿನಿಂದ ಒಂದು ಚೀಲ ಜೋಳ ಬಂತು. ಬಿತ್ತಿ ಉಳಿದ ಬೀಜವನ್ನು ಮನೆಯವರೆಲ್ಲ ಹಂಚಿಕೊಂಡು ರೊಟ್ಟಿ ಬಡಿದು ತಿನ್ನುವುದು ಅವರ ಮನೆತನದ ಪದ್ಧತಿ. ಮೈದುನ ಬಂಡೆಪ್ಪ ಮುಂಬಯಿಯ ಪಾಲನ್ನು ಎಂದೂ ತಪ್ಪಿಸಿದವನಲ್ಲ. ಈ ಸಲದ್ದು ಹೊಸ ಹೈಬ್ರಿಡ್ ಬೀಜ, ಕುಂಕುಮದಲ್ಲಿ ಹೊರಳಾಡಿ ಬಂದಷ್ಟು ಕೆಂಪು. ಏಳು ತಿಂಗಳ ಬಸುರಿ ಸೊಸೆ ಹಾಲವ್ವನಿಗೆ ಊರ ಜೋಳದ ರೊಟ್ಟಿಯದೇ ಬಯಕೆ. ಹನುಮವ್ವ ಮೂರು ನೀರಿನಲ್ಲಿ ತೊಳೆದಳು. ಮೋರಿ ಕೆಂಪಾಯಿತು, ಜೋಳ ಬೆಳ್ಳಗಾಯಿತು.

ಒಣಗಿಸಿ ಬುಟ್ಟಿಗೆ ತುಂಬಿಕೊಂಡು ಗಿರಣಿಗೆ ಹೊರಟವಳನ್ನು ಬಾಗಿಲಲ್ಲೇ ತಡೆದವಳು ನರ್ಸ್ ನೀಲಾವತಿ, ಉಡುಪಿ ಕಡೆಯವಳು. ಬಸುರಿಯನ್ನು ನೋಡಲು ಬಂದವಳ ಕಣ್ಣು ಖಾಲಿ ಚೀಲದ ಮೇಲೆ ಬಿದ್ದಿತ್ತು.

"ಹನುಮಕ್ಕ, ಇದು ವಿಷ ಹಚ್ಚಿದ ಬೀಜ ಮಾರಾಯ್ರೆ! ಚೀಲದ ಮೇಲೆ ತಲೆಬುರುಡೆ ಉಂಟಲ್ಲ, ಕಾಣಲಿಲ್ವಾ?"

"ಕಂಡೀನಿ. ದಾರಕ್ಕ ಕುದುರಿ ಗುರ್ತು, ಬೀಡಿಗೆ ನವಿಲ ಗುರ್ತು. ಜೋಳಕ್ಕ ಬುರುಡಿ ಗುರ್ತು ಅಂದ್ಕೊಂಡೆ."

"ತಿಂದರೆ ಕೈಕಾಲು ನಡುಗ್ತದೆ, ಕಣ್ಣು ಹೋಗ್ತದೆ. ಹೊಟ್ಟೆಯ ಮಗುವನ್ನೂ ಬಿಡೋದಿಲ್ಲ."

"ಹೋಗ ನರ್ಸಬಾಯಿ! ರೇಷನ್ ಅಂಗಡ್ಯಾಗ ಅಮೆರಿಕದ ಕೆಂಪು ಜೋಳ ಕೊಟ್ಟಾಗ ಸುಮ್ನ ತಿನ್ನು ಅಂದ್ರಿ. ನಮ್ಮ ಹೊಲದ್ದು ಬಂದ್ರ ವಿಷ? ಮುತ್ಯಾನ ಕಾಲದಿಂದ ತಿಂದೀವಿ. ಮ್ಯಾಲ ತೊಳದೀನಿ."

"ನಿಮ್ಮ ಮುತ್ಯ ಬೀಜಕ್ಕೆ ಎಂಥ ಹಚ್ತಿದ್ದರು?"

"ಬೂದಿ. ಬೇವಿನ ತಪ್ಪಲಾ."

"ಬೂದಿ ತೊಳೆದರೆ ಹೋಗ್ತದೆ. ಇದರಲ್ಲಿ ಹೋಗೋದು ಬಣ್ಣ ಮಾತ್ರ, ವಿಷ ಅಲ್ಲೇ ಕೂತಿರ್ತದೆ. ವರ್ಷಾ ವರ್ಷಾ ಊರ ಜೋಳದಲ್ಲಿ ಹುಳ ಆರಿಸ್ತಿದ್ರಲ್ಲ, ಈ ಸಲ ಎಷ್ಟು ಸಿಕ್ಕಿತು?"

ಹನುಮವ್ವ ಬುಟ್ಟಿಯೊಳಗೆ ಇಣುಕಿ ನೋಡಿದಳು. ಒಂದೂ ಸಿಕ್ಕಿರಲಿಲ್ಲ. ಬೆಳಿಗ್ಗೆ ಇಡೀ ಚಾಳಿಗೆ ಅದನ್ನೇ ಹೊಗಳಿಕೊಂಡು ಬಂದಿದ್ದಳು. ಹುಳಕ್ಕಿದ್ದ ಬುದ್ಧಿ ತನಗಿಲ್ಲದೆ ಹೋಯಿತಲ್ಲ!

"ಹಾಲವ್ವಾ, ಇವತ್ತು ಚಪಾತಿನ ತಿನ್ನು," ಎಂದು ಬುಟ್ಟಿ ಕೆಳಗಿಟ್ಟಳು. ಕೋಳಿ, ಮೇಕೆ ಮುಟ್ಟದ ಕಡೆ ಆಳವಾಗಿ ಗುಂಡಿ ತೋಡಿಸಿ ಜೋಳವನ್ನೂ ಚೀಲವನ್ನೂ ಹುಗಿಸಿದಳು. ಕೈ ತೊಳೆದು ಬಂದವಳೇ ನೀಲಾವತಿಯ ಮುಂದೆ ಅಂಚೆ ಕಾರ್ಡು ಇಟ್ಟಳು. "ಬರಿ: ಬಂಡೆಪ್ಪಾ, ಕೆಂಪು ಬೀಜ ನೀವ್ಯಾರೂ ಮುಟ್ಟಬ್ಯಾಡ್ರಿ, ಅದು ಭೂಮಿತಾಯಿಗಷ್ಟ. ನನ್ನ ಪಾಲು ಹಗೇವಿನಾಗ ತುಂಬಿಟ್ಟ ತಿನ್ನೂ ಜೋಳದಾಗ ಕಳಸು. ವಿಷ ಬಂತಂತ ಪಾಲು ಬಿಡೂ ಹೆಂಗಸಲ್ಲ ನಾನು!"

ಅಕ್ಕಂದಿರೇ, ಅಣ್ಣಂದಿರೇ, ಹಿರಿಯರ ಪದ್ಧತಿ ಬಿಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಹಿರಿಯರು ಹಚ್ಚಿದ್ದು ಬೂದಿ. ಔಷಧಿ ಹಚ್ಚಿದ ಬಣ್ಣದ ಬೀಜ ಬಿತ್ತುವುದಕ್ಕೆ ಮಾತ್ರ. ಎಷ್ಟು ತೊಳೆದರೂ ತಿನ್ನಬೇಡಿ, ದನಕ್ಕೂ ಕೋಳಿಗೂ ಹಾಕಬೇಡಿ. ನಿಮ್ಮ ಪಾಲನ್ನು ಹನುಮವ್ವನ ಹಾಗೆ ಜಗಳವಾಡಿಯಾದರೂ ಕೇಳಿ. ಕೇಳುವುದು ತಿನ್ನಲೆಂದೇ ನೆಲದ ಕಣಜದಲ್ಲಿ ತುಂಬಿಟ್ಟ ಹಗೇವಿನ ಜೋಳವಾಗಿರಲಿ.